ನಮ್ಮ ಬೀಗರ ಟ್ರ್ಯಾಕ್ಟರಿಗೆ ಸೋಮವಾರ ರಜೆ

ನಮ್ಮ ಬೀಗರು ತಮ್ಮ ಟ್ರ್ಯಾಕ್ಟರಿಗೆ ಪ್ರತಿ ಸೋಮವಾರ ರಜೆ ಕೊಡುತ್ತಾರೆ. ಇದನ್ನು ಕೇಳಿ ನಗುವವರು ನಗಲಿ. ನನಗೆ ನಗು ಬರುವುದು ಇದಕ್ಕಲ್ಲ. ವಾರದ ಉಳಿದ ದಿನಗಳಲ್ಲಿ ಆ ಟ್ರ್ಯಾಕ್ಟರು ಬೀಗರನ್ನು ಒಂದು ಮಾತೂ ಕೇಳದೆ ತಾನೇ ರಜೆ ತೆಗೆದುಕೊಳ್ಳುತ್ತದಲ್ಲ, ಅದಕ್ಕೆ!

ಬೀಗರೆಂದರೆ ನನ್ನ ಮಗಳ ಮಾವ. ದಿಗ್ಗೇವಾಡಿಯವರು. ಕೃಷ್ಣಾ ನದಿ ಅವರ ಹೊಲದ ಪಕ್ಕದಲ್ಲೇ ಹರಿಯುತ್ತದೆ. ಮನುಷ್ಯ ಒಳ್ಳೆಯವರು. ಕುಡಿಯುವುದಿಲ್ಲ, ಸೇದುವುದಿಲ್ಲ, ಸೊಸೆಗೆ ಒಮ್ಮೆಯೂ ಗದರಿದವರಲ್ಲ. ಆದರೆ ಇಷ್ಟು ಒಳ್ಳೆಯವರಿಗೆ ಎಲ್ಲೋ ಒಂದು ಕಡೆ ಹುಚ್ಚು ಇರಲೇಬೇಕಲ್ಲ? ಅವರ ಹುಚ್ಚೆಲ್ಲ ಒಟ್ಟಾಗಿ ಆ ಟ್ರ್ಯಾಕ್ಟರಿನಲ್ಲಿ ಹೋಗಿ ಕೂತಿದೆ.

ಮೊದಲು ಅವರ ಮನೆಯಲ್ಲಿ ಒಂದು ಜೋಡಿ ಎತ್ತುಗಳಿದ್ದವು. ವಯಸ್ಸಾಗಿ ಹೋದವು. ಮಗ, ಅಂದರೆ ನನ್ನ ಅಳಿಯ, ಎಲ್ಲಿಂದಲೋ ಒಂದು ಹಳೆಯ ಟ್ರ್ಯಾಕ್ಟರು ತಂದು ಅದೇ ಕೊಟ್ಟಿಗೆಯ ಮುಂದೆ ನಿಲ್ಲಿಸಿದ. ಬೀಗರು ಅದರ ಸುತ್ತ ಒಂದು ಸುತ್ತು ಹಾಕಿದರಂತೆ. ಮೂತಿಯ ಮೇಲೆ ಕೈಯಾಡಿಸಿದರಂತೆ. ಆಮೇಲೆ, ಎತ್ತಿನ ವಯಸ್ಸು ಕೇಳುವ ಹಾಗೆಯೇ, ಮಗನನ್ನು ಕೇಳಿದರಂತೆ:

"ಹಲ್ಲ ಎಷ್ಟ ಆಗ್ಯಾವಲೇ?"

ಅವತ್ತಿನಿಂದ ಎತ್ತಿಗಿದ್ದ ಕಾಯಿದೆಗಳೆಲ್ಲ ಟ್ರ್ಯಾಕ್ಟರಿಗೆ ಬಂದವು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ದಿನ. ಹಾಗಾಗಿ ಸೋಮವಾರ ಟ್ರ್ಯಾಕ್ಟರೂ ದುಡಿಯುವುದಿಲ್ಲ. ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಬಳಿಯುತ್ತಾರೆ. ಟ್ರ್ಯಾಕ್ಟರಿಗೆ ಕೊಂಬು ಎಲ್ಲಿಂದ ತರುವುದು? ಹೊಗೆ ಬಿಡುವ ಕೊಳವೆಗೇ ಕೆಂಪು ಬಳಿದರು. ರಜೆಯ ದಿನ ಎತ್ತನ್ನು ನದಿಗೆ ಇಳಿಸಿ ಮೈ ತೊಳೆಯುವುದುಂಟು. ಬೀಗರು ಟ್ರ್ಯಾಕ್ಟರನ್ನೂ ನದಿಗೆ ಇಳಿಸಿ, ತೆಂಗಿನ ನಾರಿನಿಂದ ತಿಕ್ಕಿ, ಬೆನ್ನಿಗೆ ನೀರು ಹೊಯ್ದು, ದಂಡೆಗೆ ತಂದು ಬಿಸಿಲಿಗೆ ನಿಲ್ಲಿಸುತ್ತಾರೆ. ಮೇವು ಹಾಕುವುದೊಂದು ಬಾಕಿ!

ಎತ್ತನ್ನು ನಿಲ್ಲಿಸಲು "ಹೋ" ಅನ್ನುತ್ತಾರಲ್ಲ, ಬೀಗರು ಟ್ರ್ಯಾಕ್ಟರಿಗೂ ಮೊದಲು "ಹೋ" ಅಂದು ಆಮೇಲೆ ಬ್ರೇಕ್ ಒತ್ತುತ್ತಾರೆ. ಒಮ್ಮೆ ಬ್ರೇಕ್ ಹಿಡಿಯಲಿಲ್ಲ. ಬೀಗರು "ಹೋ, ಹೋ, ಹೋಽ" ಅನ್ನುತ್ತಲೇ ಹೋದರು. ಟ್ರ್ಯಾಕ್ಟರು ನಿಂತಿತು. ಬೀಗರು ಊರಿಗೆಲ್ಲ ಹೇಳಿದರು: "ಮಾತ ಕೇಳಿತ ನೋಡ್ರಿ!" ಮಾತೂ ಇಲ್ಲ, ಕತೆಯೂ ಇಲ್ಲ. ಎದುರಿಗೆ ನೆರೆಯವರ ಜೋಳದ ಕಣಕಿ ಬಣವೆ ಇತ್ತು.

ಇಂಥ ಟ್ರ್ಯಾಕ್ಟರು ನನ್ನ ಹೊಲಕ್ಕೆ ಬಂದ ಕತೆ ಹೇಳುತ್ತೇನೆ.

ರಾಯಬಾಗಕ್ಕೆ ಹತ್ತಿರ, ನಮ್ಮೂರಿನಲ್ಲಿ ನನಗೊಂದು ಚೂರು ಹೊಲವಿದೆ. ಗಂಡ ಹೋದ ಮೇಲೂ ನಾನೇ ನೋಡಿಕೊಂಡು ಬಂದಿದ್ದೇನೆ. ಈ ಸಲ ಹೊಸದಾಗಿ ಕಬ್ಬು ನಾಟಿ ಮಾಡಬೇಕಿತ್ತು. ಕಬ್ಬಿನ ನಾಟಿಯೆಂದರೆ ಜೋಳ ಬಿತ್ತಿ ಕೈ ಝಾಡಿಸಿಕೊಂಡು ಬಂದ ಹಾಗಲ್ಲ. ಬೀಜದ ಕಬ್ಬು ಕಡಿದು ಇಟ್ಟಿರಬೇಕು. ಹೊಲದಲ್ಲಿ ನೇಗಿಲಿನಿಂದ ಸಾಲು ಬಿಟ್ಟಿರಬೇಕು. ಮೊಳಕೆಯೊಡೆಯುವ ಕಣ್ಣು ಒಣಗುವ ಮೊದಲು ಕಬ್ಬನ್ನು ತುಂಡು ಮಾಡಿ ಸಾಲಿಗೆ ಇಡಬೇಕು. ಅದೇ ಹೊತ್ತಿಗೆ ಸರಿಯಾಗಿ ನೀರು ಬರಬೇಕು. ನೀರು ನನ್ನ ಕೈಯಲ್ಲಿಲ್ಲ. ನದಿಯಿಂದ ಪಂಪು ಹಚ್ಚಿ ಎತ್ತುವ ನೀರು, ಎಲ್ಲರಿಗೂ ಪಾಳಿ. ನನ್ನ ಪಾಳಿ ಸೋಮವಾರ ಮಧ್ಯಾಹ್ನ ಇತ್ತು. ಅದು ತಪ್ಪಿತೋ, ನೀರು ಊರೆಲ್ಲ ಸುತ್ತಿ ಮತ್ತೆ ನನ್ನ ಹೊಲಕ್ಕೆ ಬರುವುದರೊಳಗೆ ಬೀಜದ ಕಬ್ಬು ಒಲೆಗೆ ಹಾಕಲು ಲಾಯಕ್ಕಾಗಿರುತ್ತದೆ. ಒಂದು ವರ್ಷದ ಬೆಳೆ ಹೋದಂತೆ.

ಸಾಲು ಬಿಡಲು ಟ್ರ್ಯಾಕ್ಟರು ಬೇಕು. ಕಾರ್ಖಾನೆ ಕಬ್ಬು ನುರಿಸುವ ಕಾಲ ಅದು. ಊರಿನ ಟ್ರ್ಯಾಕ್ಟರುಗಳೆಲ್ಲ ಹಿಂದೆ ಎರಡೆರಡು ಟ್ರಾಲಿ ಕಟ್ಟಿಕೊಂಡು ಕಾರ್ಖಾನೆಯ ಗೇಟಿನ ಮುಂದೆ ಹೋಗಿ ನಿಂತಿದ್ದವು. ನನ್ನ ಅಳಿಯನೂ ಬೇರೆಯವರ ಟ್ರ್ಯಾಕ್ಟರು ಓಡಿಸುತ್ತ ಅಲ್ಲೇ ಇದ್ದ. ನಾನು ಮಗಳ ಮನೆಗೆ ಹೋದಾಗ ಈ ಮಾತು ತೆಗೆದೆ. ಚಹಾ ಕುಡಿಯುತ್ತಿದ್ದ ಬೀಗರು ಬಶಿ ಕೆಳಗಿಟ್ಟರು.

"ಬೀಗಿತ್ಯಾರ, ನಾವೇನ ಸತ್ತೇವೇನ್ರಿ? ಶುಕ್ರವಾರ ಬರ್ತೇನಿ. ಶನಿವಾರ ಮುಂಜಾನೆದಾಗ ನಿಮ್ಮ ಹೊಲಾ ಸಾಲ ಬಿಟ್ಟು ಕೊಟ್ಟು ಹೋಗ್ತೇನಿ. ಸೋಮವಾರ ಒಂದ ಬ್ಯಾಡ. ಉಳಿದದ್ದ ಯಾವ ದಿನ ಹೇಳ್ರಿ, ಸೈ."

ಬೀಗರ ಮಾತು. ನಾನು ನಂಬಿ ಬೀಜದ ಕಬ್ಬು ಕಡಿಸಿದೆ. ಬೇವಿನ ನೆರಳಿಗೆ ರಾಶಿ ಹಾಕಿ, ಮೇಲೆ ರವದಿ, ಅಂದರೆ ಕಬ್ಬಿನ ಒಣಗರಿ, ಮುಚ್ಚಿ ಇಟ್ಟೆ.

ಶುಕ್ರವಾರ ಸಂಜೆಯ ಮುಂದೆ ಬೀಗರು ಬಂದರು. ಟ್ರ್ಯಾಕ್ಟರಿನ ಕೊರಳಿಗೆ ಗೆಜ್ಜೆಸರ. ಹಿಂದೆ ಸಾಲು ಬಿಡುವ ನೇಗಿಲು, ಎರಡು ಕಡೆ ಕಬ್ಬಿಣದ ರೆಕ್ಕೆಯದು. ಇನ್ನೂ ಬೆಳಕಿತ್ತು. ಒಂದೆರಡು ಸಾಲು ಬಿಟ್ಟೇ ಬಿಡೋಣ ಎಂದು ಹೊಲಕ್ಕೆ ಇಳಿಸಿದರು. ಮೊದಲ ಸಾಲು ಚೆಂದಾಗಿ ಬಂತು, ಬೈತಲೆ ತೆಗೆದ ಹಾಗೆ. ಸಾಲಿನ ತುದಿಗೆ ಬಂದು ಟ್ರ್ಯಾಕ್ಟರು ನಿಂತಿತು. ನಿಂತೇ ಇತ್ತು.

ತಿಳಿಯದವರಿಗೆ ಹೇಳುತ್ತೇನೆ. ಟ್ರ್ಯಾಕ್ಟರಿನ ಹಿಂದೆ ಎರಡು ಕಬ್ಬಿಣದ ತೋಳಿರುತ್ತವೆ. ನೇಗಿಲು ಅವಕ್ಕೇ ಕಟ್ಟಿರುತ್ತದೆ. ಹೊಟ್ಟೆಯಲ್ಲಿ ಎಣ್ಣೆ. ಒಳಗಿನ ಪಂಪು ಆ ಎಣ್ಣೆಯನ್ನು ಒತ್ತಿದರೆ ತೋಳು ಮೇಲೇಳುತ್ತವೆ. ಸೀಟಿನ ಪಕ್ಕದಲ್ಲಿ ಒಂದು ಕೋಲು. ಹಿಂದೆ ಎಳೆದರೆ ತೋಳು ಏರಬೇಕು, ಮುಂದೆ ದೂಡಿದರೆ ಇಳಿಯಬೇಕು. ಇದಕ್ಕೆ ಹೈಡ್ರಾಲಿಕ್ ಅನ್ನುತ್ತಾರೆ. ಸಾಲಿನ ತುದಿಯಲ್ಲಿ ನೇಗಿಲು ಮೇಲೇಳದಿದ್ದರೆ ಟ್ರ್ಯಾಕ್ಟರು ತಿರುಗುವುದು ಹೇಗೆ? ನೆಲ ಕಚ್ಚಿಕೊಂಡೇ ಇರುತ್ತದಲ್ಲ!

ಬೀಗರು ಕೋಲು ಎಳೆದರು. ಒಳಗಿನಿಂದ ಒಂದು ನರಳಾಟ ಬಂತು, ಮಂಡಿ ಹಿಡಿದುಕೊಂಡು ಏಳುವ ಮುದುಕರದ್ದು ಬರುತ್ತದಲ್ಲ, ಅಂಥದ್ದು. ತೋಳು ಗೇಣುದ್ದ ಎದ್ದವು, ನಡುಗಿದವು, ಮತ್ತೆ ಕೂತವು.

"ಏನಾತ್ರಿ?" ಎಂದೆ.

"ಏನ ಆಗಿಲ್ರಿ. ಹೊಸಾ ಊರು. ನಾಚಕೊಂಡೇತಿ."

ಪಕ್ಕದ ಹೊಲದ ತುಕಾರಾಮ ಬದು ದಾಟಿ ಬಂದ. ಈ ತುಕಾರಾಮ ಹಿಂದೆ ನಿಪ್ಪಾಣಿಯಲ್ಲಿ ಒಂದು ಗ್ಯಾರೇಜಿನ ಎದುರು ಚಹಾದ ಗಾಡಿ ಇಟ್ಟಿದ್ದ. ಎದುರು ಮಾತ್ರ. ಒಳಗೆ ಹೋದವನಲ್ಲ. ಆದರೂ ಊರಿನಲ್ಲಿ ಯಾವ ಯಂತ್ರ ಕೆಟ್ಟರೂ ಮೊದಲು ಬಂದು ಮುಖ ಸಣ್ಣದು ಮಾಡುವವನು ಅವನೇ.

"ಮಾವ್ಶಿ, ಪಂಪ್ ಗೇಲಾ," ಎಂದ. ಚಿಕ್ಕಮ್ಮಾ, ಪಂಪು ಸತ್ತಿತು ಎಂದು ಮರಾಠಿಯಲ್ಲಿ ಅರ್ಥ. ಬೀಗರಿಗೆ ಸಿಟ್ಟು ಬಂತು.

"ಹೋದದ್ದ ನೀ ನೋಡೀಯೇನಪಾ? ಉಸರಾಡಾಕತ್ತೇತಿ, ಕಿವಿ ಇಟ್ಟ ಕೇಳ!"

ತುಕಾರಾಮ ನಿಜವಾಗಿಯೂ ಕಿವಿ ಇಟ್ಟ. ಕಿವಿ ಸುಟ್ಟುಕೊಂಡ. ಟ್ರ್ಯಾಕ್ಟರು ಅಷ್ಟು ದೂರ ನಡೆದು ಬಂದದ್ದಲ್ಲವೇ, ಕಾದಿತ್ತು.

ಅವತ್ತು ಅಲ್ಲಿಗೇ ಬಿಟ್ಟೆವು. ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದಾಗ ಮಗಳ ಫೋನು.

"ಅವ್ವಾ, ಕೆಲಸಾ ಆತೇನ?"

"ಎಲ್ಲೀ ಕೆಲಸ ಬೇ? ನಿಮ್ಮ ಮಾವನ ಬಸವಣ್ಣ ನೇಗಿಲಾ ಎತ್ತವಲ್ದು. ನಾ ನಾಳೆ ಬ್ಯಾರೆ ಟ್ರ್ಯಾಕ್ಟರ ಹುಡುಕ್ತೇನಿ."

"ಯವ್ವಾ, ಅದೊಂದ ಮಾಡಬ್ಯಾಡ! ಬೀಗರು ಕೈ ಹಾಕಿದ ಕೆಲಸಕ್ಕ ಬ್ಯಾರೆಯವರನ್ನ ಕರದ್ರ ಮಾವ ಊಟಾ ಬಿಡ್ತಾರ. ನೀ ಏನೂ ಅನಬ್ಯಾಡ ಅವರಿಗೆ. ನನ್ನ ಮ್ಯಾಲ ಆಣಿ."

ನೋಡಿ, ನನ್ನ ಪರಿಸ್ಥಿತಿ! ಬೇರೆ ಯಾರಾದರೂ ಆಗಿದ್ದರೆ ಅಷ್ಟೊತ್ತಿಗೆ ನಾಲ್ಕು ಮಾತು ಆಡಿ ಕಳಿಸಿರುತ್ತಿದ್ದೆ. ನನ್ನ ನಾಲಿಗೆ ಊರಿಗೇ ಗೊತ್ತು. ಬೀಗರಿಗೆ ಮಾತ್ರ ಬೈಯುವಂತಿಲ್ಲ. ಬೈಗುಳವನ್ನೆಲ್ಲ ನುಂಗಿ, ರೊಟ್ಟಿಯ ಮೇಲೆ ತುಪ್ಪ ಹಾಕಿ ಕೊಟ್ಟೆ.

ಶನಿವಾರ ಬೆಳಿಗ್ಗೆ ಬೀಗರ ವೈದ್ಯಕೀಯ ಸುರುವಾಯಿತು. ಅವರಿಗೆ ಗೊತ್ತಿರುವುದು ಎತ್ತಿನ ಕಾಯಿಲೆಗಳು. ಮೊದಲು ಟ್ರ್ಯಾಕ್ಟರಿನ ಹೊಟ್ಟೆಗೆ ಬೆರಳಿಂದ ಬಡಿದು ನೋಡಿದರು.

"ಉಬ್ಬರಿಸೇತ್ರಿ. ಒಳಗ ಗಾಳಿ ತುಂಬೇತಿ."

"ಹಂಗಾದ್ರ ಓಮಿನಕಾಳ ತರಲೇನ್ರಿ?" ಎಂದೆ. ಬೈಯಬಾರದೆಂದು ಮಗಳು ಹೇಳಿದ್ದಳು, ಇದು ಬೈಗುಳವಲ್ಲ. ಬೀಗರ ಮಧ್ಯೆ ಇಷ್ಟು ನಡೆಯುತ್ತದೆ.

ಆಮೇಲೆ ಹೊರೆ ಹೆಚ್ಚಾಗಿರಬೇಕು ಎಂದು ನೇಗಿಲು ಬಿಚ್ಚಿದರು. ಬರಿಯ ತೋಳು ಏರಿದವು. ಬೀಗರ ಮುಖ ಅರಳಿತು. "ನೋಡ್ರಿ, ನೋಡ್ರಿ! ಏನೂ ಆಗಿಲ್ಲ!" ಎಂದರು. ಬರಿಗೈ ಎತ್ತಲು ನನಗೂ ಬರುತ್ತದೆ ಬೀಗರೇ, ಅದಕ್ಕೆ ಡೀಸೆಲ್ ಯಾಕೆ? ಮನಸ್ಸಿನಲ್ಲೇ ಅಂದುಕೊಂಡೆ. ನೇಗಿಲು ಮತ್ತೆ ಕಟ್ಟಿದರು. ತೋಳು ಮತ್ತೆ ಕೂತವು.

ಆಗ ತುಕಾರಾಮ ಒಂದು ಉಪಾಯ ತೆಗೆದ. ಸಾಲು ಬಿಡಲು ಏನೂ ತೊಂದರೆ ಇಲ್ಲವಲ್ಲ, ತುದಿಯಲ್ಲಿ ಎತ್ತುವುದಷ್ಟೇ ತೊಂದರೆ. ನೇಗಿಲಿನ ಕೆಳಗೆ ಒಂದು ದಪ್ಪ ಬೊಂಬು ತೂರಿಸಿ ಅತ್ತ ಒಬ್ಬರು ಇತ್ತ ಒಬ್ಬರು ಎತ್ತಿ ಹಿಡಿದರೆ, ಟ್ರ್ಯಾಕ್ಟರು ಮೆಲ್ಲಗೆ ತಿರುಗಿಕೊಳ್ಳಬಹುದು. ಬೀಗರು ಬೇಡವೆಂದರು. ನಾನು ಸೋಮವಾರದ ನೀರು ನೆನೆಸಿಕೊಂಡು ಸೆರಗು ಸಿಕ್ಕಿಸಿದೆ. ಹೀಗಾಗಿ ಆ ಬೆಳಿಗ್ಗೆ ನಮ್ಮ ಹೊಲದಲ್ಲಿ ಹೈಡ್ರಾಲಿಕ್ ಅಂದರೆ ನಾನು ಮತ್ತು ತುಕಾರಾಮ.

ಒಂದು ಸಲ ಎತ್ತಿದೆವು. ಟ್ರ್ಯಾಕ್ಟರು ತಿರುಗಿತು. ಎರಡನೇ ಸಲ ಎತ್ತುವಾಗ ನನ್ನ ನಡುವಿನಲ್ಲಿ ಕಟಕ್ಕೆಂದಿತು. ಬೊಂಬು ಬಿಟ್ಟೆ. ನೇಗಿಲು ತುಕಾರಾಮನ ಹೆಬ್ಬೆರಳಿನ ಪಕ್ಕದಲ್ಲೇ ದೊಪ್ಪೆಂದು ಬಿತ್ತು.

"ಮಾವ್ಶಿ!" ಎಂದು ಅವನು ಹಾರಿದ.

ಹೊಲದ ಹೈಡ್ರಾಲಿಕ್ಕುಗಳೆಲ್ಲ ಕೆಟ್ಟಂತಾಯಿತು. ನಾನು ಬದುವಿನ ಮೇಲೆ ಅಂಗಾತ ಮಲಗಿದೆ. ಬೀಗರು ಓಡಿ ಬಂದರು. ಅವರ ಮುಖ ನೋಡಿದರೆ ಎತ್ತು ಬಿದ್ದಾಗ ಹೇಗೆ ಆಗಿತ್ತೋ ಹಾಗೆ ಆಗಿತ್ತು. ಅವರು ಬಾಗಿ ನಿಂತಾಗ ಅವರ ಧೋತರದ ಅಂಚು ನನ್ನ ಕಣ್ಣಿನ ಎದುರಿಗೇ ಬಂತು. ಅದರ ಮೇಲೆ ಒಂದು ಕಲೆ.

"ಬೀಗರ, ಧೋತರಕ್ಕೆ ಚಾ ಯಾವಾಗ ಚೆಲ್ಲಿಕೊಂಡ್ರಿ?"

"ಚಾ ಅಲ್ರಿ ಅದು. ಎಣ್ಣಿ. ಕಡ್ಡಿ ಹೊರಗ ತಗದು ಎಣ್ಣಿ ಎಷ್ಟ ಐತಿ ಅಂತ ನೋಡಿದ್ನಿ. ಒರಸಿಕೊಂಡ್ನಿ."

"ಎಷ್ಟ ಐತ್ರಿ?"

"ಭರಪೂರ ಐತ್ರಿ!" ಅವರ ದನಿಯಲ್ಲಿ ಹೆಮ್ಮೆ. "ಮ್ಯಾಲಿನ ಗೀಟ ದಾಟಿ ಮ್ಯಾಲ ಹೋಗೇತಿ. ನಾ ಹಾಕೇ ಇಲ್ಲ, ತಾನಽ ಹೆಚ್ಚಾಗೇತಿ!"

ನಾನು ಎಮ್ಮೆ ಕಟ್ಟಿ ಹಾಲು ಮಾರಿ ಮಗಳನ್ನು ಬೆಳೆಸಿದವಳು. ಹಾಕದೆ ಹೆಚ್ಚಾಗುವ ಪದಾರ್ಥ ಹೇಗಿರುತ್ತದೆ ಎಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಡು ಹಿಡಿದುಕೊಂಡು ಎದ್ದೆ. ಕಡ್ಡಿ ಮತ್ತೊಮ್ಮೆ ತೆಗೆಸಿದೆ. ಎಣ್ಣೆ ಎಂದರೆ ಜೇನಿನ ಹಾಗೆ ಥಳಥಳ ಅನ್ನಬೇಕು. ಇದು ಬೆಳ್ಳಗೆ, ಮಬ್ಬಾಗಿ, ಹಾಲು ಹಾಕಿದ ಚಹಾದ ಬಣ್ಣ. ತುಕಾರಾಮ ಮೂಗಿನ ಹತ್ತಿರ ತಂದು ನೋಡಿದ. ತನ್ನ ಕಸುಬಿನ ವಿಷಯ ಬಂತಲ್ಲ, ಗಂಭೀರವಾಗಿ ಹೇಳಿದ:

"ಹಾಲ ಜಾಸ್ತಿ ಆಗೇತಿ ಮಾವ್ಶಿ."

ನಾನು ಬೀಗರ ಕಡೆ ತಿರುಗಿದೆ. "ನದ್ಯಾಗ ಇದನ್ನ ಎಲ್ಲೀಮಟಾ ಇಳಸ್ತೀರಿ?"

ಬೀಗರು ಆಕಾಶ ನೋಡಿದರು.

"ಹೇಳ್ರಿ. ಗಾಲಿ ಮುಳುಗೂಮಟಾ?"

"ಹೊಟ್ಟೀಮಟಾ."

"ಹೊಟ್ಟೀಮಟಾನೋ, ಬೆನ್ನೀಮಟಾನೋ?"

"ಬೆನ್ನಿಗೆ ಕೊಡದಲೆ ಹಾಕ್ತೇನ್ರಿ. ಮೈ ತಣ್ಣಗಾಗಬ್ಯಾಡೇನು? ದುಡದ ಜೀವ."

"ಬೀಗರ, ಎತ್ತಾದ್ರ ನೀರಾಗ ಬಾಯಿ ಮುಚ್ಚಿಕೋತೈತಿ. ಇದಕ್ಕ ಮುಚ್ಚಿಕೊಳ್ಳಾಕ ಬರತೈತೇನ್ರಿ?"

ಸೋಮವಾರಕ್ಕೊಮ್ಮೆ ನದಿ ನೀರು ಟ್ರ್ಯಾಕ್ಟರಿನ ಬೆನ್ನಿನ ತೂತಿನಿಂದ ಹೊಟ್ಟೆಗೆ ಇಳಿದಿತ್ತು. ಎಣ್ಣೆಯಲ್ಲಿ ಬೆರೆತು ಮಜ್ಜಿಗೆಯಾಗಿತ್ತು. ಮಜ್ಜಿಗೆ ಕುಡಿಸಿ ಕಬ್ಬಿಣ ಎತ್ತು ಎಂದರೆ ಯಾರು ಎತ್ತುತ್ತಾರೆ?

ಬೀಗರು ಹೋಗಿ ಟ್ರ್ಯಾಕ್ಟರಿನ ಗಾಲಿಗೆ ಆತು ಕೂತರು. ನನಗೆ ಬೈಯಲು ಒಳ್ಳೆಯ ಸಂದರ್ಭ. ಬಾಯಿಯವರೆಗೆ ಬಂದಿತ್ತು. ಆದರೆ ಅಷ್ಟು ದೊಡ್ಡ ಮನುಷ್ಯ ಹಾಗೆ ಕೂತದ್ದು ನೋಡಿ ಬಾಯಿಗೆ ಬಂದದ್ದು ಬೇರೆ.

"ಏಳ್ರಿ. ಹೊಟ್ಟಿ ತೊಳದ್ರ ಆತು. ಪಾತೇಲಿ ತರ್ತೇನಿ."

ಲಗ್ನದಲ್ಲಿ ಸಾರು ಕಾಯಿಸುವ ದೊಡ್ಡ ಪಾತೇಲಿ ತಂದು ಟ್ರ್ಯಾಕ್ಟರಿನ ಕೆಳಗೆ ಇಟ್ಟೆ. ಬೀಗರು ತಳದ ಬಿರಡೆ ಬಿಚ್ಚಿದರು. ಮೊದಲು ಬಂದದ್ದು ನೀರು. ಶುದ್ಧ ಕೃಷ್ಣಾ ನದಿ! ಅದರ ಹಿಂದೆ ಮಜ್ಜಿಗೆ, ಬುಳುಬುಳು ಎಂದು. ಪಾತೇಲಿ ತುಂಬಿತು, ಬಕೆಟ್ಟು ತುಂಬಿತು, ಕೊನೆಗೆ ಎಮ್ಮೆಯ ಕಲಗಚ್ಚಿನ ಬುಟ್ಟಿಯೂ ತುಂಬಿತು. ತುಕಾರಾಮನ ಎಮ್ಮೆ ಬದುವಿನಿಂದ ಕುತ್ತಿಗೆ ಚಾಚಿ ಮೂಸಿ ನೋಡಿ, ಸೀನಿ, ಮುಖ ತಿರುಗಿಸಿತು. ಅದಕ್ಕಿರುವ ಬುದ್ಧಿ ಆ ಟ್ರ್ಯಾಕ್ಟರಿಗಿರಲಿಲ್ಲ, ಕೊಟ್ಟದ್ದನ್ನೆಲ್ಲ ಕುಡಿದಿತ್ತು.

ಪಂಪಿಗೆ ಎಣ್ಣೆ ಹೋಗುವ ದಾರಿಯಲ್ಲಿ ಒಂದು ತಂತಿಯ ಜಾಳಿಗೆ ಇರುತ್ತದೆ, ಚಹಾ ಸೋಸುವ ಗರಣಿಯ ಹಾಗೆ. ಅದನ್ನು ಹೊರಗೆ ತೆಗೆದರೆ ಒಂದು ತೂತೂ ಕಾಣುತ್ತಿರಲಿಲ್ಲ, ಹಳೆಯ ಬೆಣ್ಣೆ ಮೆತ್ತಿದ ಹಾಗೆ ಮುಚ್ಚಿಹೋಗಿತ್ತು. ಬೀಗರು ಮೆತ್ತನೆಯ ಬ್ರಶ್ ಕೇಳಿದರು. ನಮ್ಮ ಮನೆಯಲ್ಲಿ ಅಂಥದ್ದೆಲ್ಲಿ? ಅವರು ತಮ್ಮ ಚೀಲದಿಂದ ದಾಡಿ ಮಾಡಿಕೊಳ್ಳುವ ಬ್ರಶ್ ತೆಗೆದು, ಡೀಸೆಲಿನಲ್ಲಿ ಅದ್ದಿ, ಜಾಳಿಗೆಯನ್ನು ತೊಳೆಯಲು ಕೂತರು. ಕೂಸಿನ ಕಿವಿ ತೊಳೆಯುವವರ ಹಾಗೆ.

ಈಗ ಹೊಸ ಎಣ್ಣೆ ಬೇಕು. ರಾಯಬಾಗಕ್ಕೆ ಹೋಗಬೇಕು. ಬೀಗರು ಹೋಗಲು ಒಪ್ಪಲಿಲ್ಲ.

"ಹೊಟ್ಟಿ ಬಿಚ್ಚಿ ಮಲಗಿಸಿದ್ದನ್ನ ಒಂದಽ ಬಿಟ್ಟು ಹ್ಯಾಂಗ ಹೋಗ್ಲಿ ಬೀಗಿತ್ಯಾರ?"

ತುಕಾರಾಮನನ್ನು ಕಳಿಸಿದರೆ ಏನು ತರುತ್ತಾನೋ ದೇವರಿಗೇ ಗೊತ್ತು. ಹೀಗಾಗಿ ನಡು ಮುರಿದವಳೇ ಹೊರಟೆ. ಕೆಮ್ಮಿನ ಔಷಧದ ಖಾಲಿ ಬಾಟಲಿಯಲ್ಲಿ ಆ ಹಳೆಯ ಎಣ್ಣೆಯನ್ನು ನಾಲ್ಕು ಬೆರಳು ತುಂಬಿಕೊಂಡೆ. ಡಾಕ್ಟರು ತಪಾಸಣೆಗೆ ತರಲು ಹೇಳುತ್ತಾರಲ್ಲ, ಹಾಗೆ.

ಅಂಗಡಿಯವನು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದ. "ಅಜ್ಜಿ, ಇದೇನ?"

"ಟ್ರ್ಯಾಕ್ಟರಿನ ಹೊಟ್ಟ್ಯಾಗಿಂದು."

"ಮಳಿಗಾಲದಾಗ ಹೊರಗ ನಿಂತಿತ್ತೇನ?"

"ಇಲ್ಲಪಾ. ಜಳಕಾ ಮಾಡತಿತ್ತು."

ಅವನು ನಗಲಿಲ್ಲ. ಮುದುಕಿಗೆ ಅರಳುಮರಳು ಎಂದುಕೊಂಡಿರಬೇಕು. ಟ್ರ್ಯಾಕ್ಟರು ಯಾವ ಕಾಲದ್ದು, ಯಾವ ಕಂಪನಿಯದ್ದು ಎಂದು ಕೇಳಿದ. ಮೂತಿ ನೀಲಿ, ಹೊಗೆಕೊಳವೆ ಕೆಂಪು, ಕೊರಳಲ್ಲಿ ಗೆಜ್ಜೆ ಎಂದೆ. ಅವನು ನನ್ನ ಫೋನಿನಿಂದ ಬೀಗರಿಗೇ ಮಾತಾಡಿ ಎಣ್ಣೆಯ ಡಬ್ಬಿಗಳನ್ನು ತೆಗೆದುಕೊಟ್ಟ. ಕೂಲಿಯವನ ತಲೆಯ ಮೇಲೆ ಬಸ್ ಸ್ಟ್ಯಾಂಡಿಗೆ ಬಂದವು. ಬಸ್ಸಿನಲ್ಲಿ ಅವನ್ನು ಕಾಲಿನ ಸುತ್ತ ಜೋಡಿಸಿಕೊಂಡು ಕೂತೆ. ಕಂಡಕ್ಟರು ಬಂದ.

"ಏನಜ್ಜಿ, ಲಗ್ನದ ಎಣ್ಣಿ ಏನ? ಎಲ್ಲೀ ಊಟ?"

"ನಮ್ಮ ಬೀಗರ ಬಸವಣ್ಣಗ. ಊಟಕ್ಕ ಬರೂದಿದ್ರ ಬಾ, ಜಾಳಿಗಿ ತೊಳಿಯೂದೈತಿ."

ಆದಿತ್ಯವಾರ ಬೀಗರು ಹೊಟ್ಟೆಗೆ ಸ್ವಲ್ಪ ಡೀಸೆಲ್ ಹಾಕಿ ಕುಲುಕಿ ತೆಗೆದರು, ಬಾಯಿ ಮುಕ್ಕಳಿಸುವ ಹಾಗೆ. ಜಾಳಿಗೆ ಕೂರಿಸಿದರು, ಬಿರಡೆ ಬಿಗಿದರು, ಎಣ್ಣೆ ಸುರಿದರು. ನಾನು ಅಷ್ಟರಲ್ಲಿ ಬೀಜದ ಕಬ್ಬಿನ ರಾಶಿ ನೋಡಿ ಬಂದೆ. ರವದಿ ಸರಿಸಿ ಒಂದು ಗಣಿಕೆ, ಅಂದರೆ ಕಬ್ಬಿನ ಜಲ್ಲೆ, ಮುರಿದೆ. ಒಳಗೆ ಇನ್ನೂ ಹಸಿ ಇತ್ತು, ಆದರೆ ತುದಿ ಕೆಂಪಾಗತೊಡಗಿತ್ತು. ನೀರು ಚಿಮುಕಿಸಿ ಮತ್ತೆ ಮುಚ್ಚಿದೆ. ಇನ್ನು ಒಂದು ದಿನ ತಡೆಯಬಹುದು, ಅದಕ್ಕಿಂತ ಹೆಚ್ಚಿಲ್ಲ.

ಬೀಗರು ಟ್ರ್ಯಾಕ್ಟರು ಚಾಲೂ ಮಾಡಿದರು. ಕೋಲು ಎಳೆದರು.

ಏನೂ ಆಗಲಿಲ್ಲ.

ಮೊದಲು ಗೇಣುದ್ದವಾದರೂ ಏಳುತ್ತಿತ್ತು. ಈಗ ಅದೂ ಇಲ್ಲ! ನರಳಾಟವೂ ಇಲ್ಲ. ಬೀಗರು ಕೋಲು ಹಿಂದೆ ಎಳೆದರು, ಮುಂದೆ ದೂಡಿದರು, ಮತ್ತೆ ಎಳೆದರು. ತೋಳು ಸತ್ತ ಹಾವಿನ ಹಾಗೆ ಜೋತುಬಿದ್ದಿದ್ದವು.

ತುಕಾರಾಮ ಬಾಯಿ ತೆರೆದ. "ಪಂಪ್..."

"ಬಾಯಿ ಮುಚ್ಚು," ಎಂದೆ. ಅವನು ಮುಚ್ಚಿದ. ನನಗೂ ಅದೇ ಅನಿಸಿತ್ತು, ಅದಕ್ಕೇ ಅವನು ಹೇಳುವುದು ಬೇಡವಾಗಿತ್ತು. ಈ ವರ್ಷ ಹೊಲ ಬೀಳು ಎಂದು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ. ನಾಟಿಗೆ ಹೇಳಿದ್ದ ಹೆಣ್ಣುಮಕ್ಕಳಿಗೆ ಬರಬೇಡಿ ಎಂದು ಹೇಳಿಕಳಿಸಬೇಕು.

ಬೀಗರು ಎಂಜಿನು ಬಂದ್ ಮಾಡಿ ಇಳಿದು ಬಂದರು. ಟ್ರ್ಯಾಕ್ಟರಿನ ಪಕ್ಕೆಗೆ ಬೆರಳಿಂದ ಬಡಿದರು. ಇನ್ನೊಂದು ಕಡೆ ಬಡಿದರು. ತಲೆ ಅಲ್ಲಾಡಿಸಿದರು.

"ಉಬ್ಬರಿಸೇತ್ರಿ. ಖಾಲಿ ಹೊಟ್ಟ್ಯಾಗ ಗಾಳಿ ಹೊಕ್ಕೇತಿ."

ಅಯ್ಯೋ ನನ್ನ ದೇವರೇ, ಮತ್ತೆ ಅದೇ ಮಾತು! ಬೀಗರು ಪಾನಾ ತೆಗೆದುಕೊಂಡು, ಪಂಪಿನ ಹತ್ತಿರದ ಕೊಳವೆಯ ನಟ್ಟನ್ನು ಒಂದಿಷ್ಟು ಸಡಿಲು ಮಾಡಿದರು. ತುಕಾರಾಮನಿಗೆ ಸ್ಟಾರ್ಟರ್ ಒತ್ತಲು ಹೇಳಿದರು. ಮೊದಲು ಪುಸ್ ಎಂದಿತು. ಆಮೇಲೆ ಬುರುಗು ಬಂತು. ಆಮೇಲೆ ಒಂದು ದೊಡ್ಡ ತೇಗು, ಹಬ್ಬದ ಊಟ ಮಾಡಿದವರು ತೇಗುವಂಥದ್ದು. ಅದರ ಹಿಂದೆ ಎಣ್ಣೆ, ಜೇನಿನ ಬಣ್ಣದ್ದು, ಥಳಥಳ ಎಂದು ಹೊರಗೆ ಬಂತು. ಬೀಗರು ನಟ್ಟು ಬಿಗಿದರು. ಓಡಿ ಹತ್ತಿ ಕೂತರು. ಕೋಲು ಎಳೆದರು.

ನೇಗಿಲು ಎದ್ದಿತು! ಗೇಣಲ್ಲ, ಮೊಳವಲ್ಲ, ನನ್ನ ಎದೆಯ ಮಟ್ಟಕ್ಕೆ ಎದ್ದು ನಿಂತಿತು. ನಡುಗಲಿಲ್ಲ. ಎಂಜಿನು ಬಂದ್ ಮಾಡಿದರು. ಈಗ ಕೂರುತ್ತದೆ, ಈಗ ಕೂರುತ್ತದೆ ಎಂದು ನೋಡುತ್ತ ನಿಂತೆವು. ನಾನು ಹೋಗಿ ಚಹಾ ಕಾಯಿಸಿ ತಂದೆ. ಕುಡಿದೆವು. ನೇಗಿಲು ಅಲ್ಲೇ ಇತ್ತು. ನನ್ನ ಎದೆಯ ಮೇಲೆ ಶುಕ್ರವಾರದಿಂದ ಕೂತಿದ್ದ ಕಲ್ಲು ಅಲ್ಲಿಂದ ಎದ್ದು ಹೋದದ್ದು ನನಗೇ ಕೇಳಿಸಿತು. ತುಕಾರಾಮ ಹೇಳಿದ: "ಮಾವ್ಶಿ, ನಾ ಅವತ್ತಽ ಹೇಳಿದ್ನಿ. ಪಂಪಿಗೆ ಏನೂ ಆಗಿಲ್ಲ ಅಂತ."

ಅಷ್ಟು ಹೊತ್ತಿಗೆ ಸೂರ್ಯ ಮುಳುಗಿದ್ದ. ಬೀಗರು ಟ್ರ್ಯಾಕ್ಟರನ್ನು ನಮ್ಮ ಅಂಗಳಕ್ಕೆ ತಂದು ನಿಲ್ಲಿಸಿದರು. ಆಗ ನೆನಪಾಯಿತು. ಬೆಳಗಾದರೆ ಸೋಮವಾರ.

ನಾನು ಊಟಕ್ಕೆ ಬಡಿಸುತ್ತ ಬೀಗರ ಮುಖ ನೋಡಿದೆ. ಅವರು ತಾಟು ನೋಡಿದರು. ಕೇಳಬೇಕು, ಆದರೆ ಕೇಳುವುದು ಹೇಗೆ? ಅವರ ಬಸವಣ್ಣನ ದಿನ. ಇಷ್ಟು ವರ್ಷ ಮುರಿಯದ ಕಾಯಿದೆ. ಮುರಿಯಿರಿ ಎಂದು ಹೇಳಲು ನಾನು ಯಾರು? ಮುರಿಯಬೇಡಿ ಎಂದು ಹೇಳಲು ನನ್ನ ಕಬ್ಬು ಬಿಡುತ್ತದೆಯೇ?

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಬೀಗರ ಹಾಸಿಗೆ ಖಾಲಿ. ಅಂಗಳದಲ್ಲಿ ಟ್ರ್ಯಾಕ್ಟರಿಲ್ಲ. ಊರಿಗೆ ಹೊರಟುಹೋದರೋ ಎಂದು ಹೊಲಕ್ಕೆ ಓಡಿದೆ. ನಡು ನೋಯುತ್ತಿದ್ದದ್ದೂ ಮರೆತಿತ್ತು. ಹೊಲದಲ್ಲಿ ಗೆಜ್ಜೆಯ ಸದ್ದು. ಆಗಲೇ ಸಾಲುಗಳು ಒಂದರ ಪಕ್ಕ ಒಂದು ಮಲಗಿದ್ದವು. ತುದಿಗೆ ಬಂದಾಗ ನೇಗಿಲು ಏಳುತ್ತಿತ್ತು, ಟ್ರ್ಯಾಕ್ಟರು ತಿರುಗುತ್ತಿತ್ತು, ನೇಗಿಲು ಇಳಿಯುತ್ತಿತ್ತು.

"ಬೀಗರ! ಇವತ್ತ ಸೋಮವಾರಲ್ಲೇನ್ರಿ?"

ಬೀಗರು "ಹೋ" ಅಂದು ಬ್ರೇಕ್ ಒತ್ತಿದರು.

"ಸೋಮವಾರ ಇರೂದು ದುಡದ ಎತ್ತಿಗ್ರಿ. ಇದು ಶುಕ್ರವಾರದಿಂದ ಮಲಗಿ ಎಣ್ಣಿ ಕುಡಿಯಾಕತ್ತೇತಿ. ಇದಕ್ಕ ಎಂಥಾ ಸೋಮವಾರ!"

ನಾಟಿಯ ಹೆಣ್ಣುಮಕ್ಕಳು ಬಂದರು. ರಾಶಿ ಬಿಚ್ಚಿ ಗಣಿಕೆ ತುಂಡು ಮಾಡಿದೆವು. ಕೆಂಪಾದದ್ದನ್ನು ಆಚೆ ಹಾಕಿದೆವು, ಹೆದರಿದಷ್ಟು ಇರಲಿಲ್ಲ. ಮಧ್ಯಾಹ್ನ ಪೈಪಿನ ಬಾಯಲ್ಲಿ ಗೊರಗೊರ ಸದ್ದಾಗಿ ನೀರು ಬಂತು. ಸಾಲಿನಿಂದ ಸಾಲಿಗೆ ಓಡಿತು. ಹೆಣ್ಣುಮಕ್ಕಳು ಹಾಡು ಹೇಳುತ್ತ, ಕೆಸರಿನಲ್ಲಿ ತುಂಡುಗಳನ್ನು ಕಾಲಿನಿಂದ ಅದುಮುತ್ತ ಸಾಗಿದರು. ಕೊನೆಯ ಸಾಲೂ ತುಂಬಿತು. ಮಗಳಿಗೆ ಫೋನು ಮಾಡಿ "ಆತು ಬೇ, ನಾಟಿ ಆತು" ಎಂದೆ. ಅವಳು ಆ ಕಡೆ ಅತ್ತಳೋ ನಕ್ಕಳೋ, ತಿಳಿಯಲಿಲ್ಲ.

ಬೀಗರು ಊರಿಗೆ ಹೊರಡಲು ಟ್ರ್ಯಾಕ್ಟರು ಚಾಲೂ ಮಾಡಿದ್ದರು. ನೇಗಿಲು ಇನ್ನೂ ನೆಲದ ಮೇಲಿತ್ತು. ಹೊರಡುವ ಮೊದಲು ಕೆಳಗಿಳಿದು ನನ್ನನ್ನು ಕರೆದರು.

"ಬೀಗಿತ್ಯಾರ, ಬರ್ರಿ ಇಲ್ಲಿ. ಮ್ಯಾಲ ಹತ್ತರಿ."

"ನನ್ನ ಕೆಲಸ ಏನ್ರಿ ಅಲ್ಲಿ?"

"ಹತ್ತರಿ ಅಂದ್ನೆಲ್ಲ."

ಹತ್ತಿ ಕೂತೆ. ಇಷ್ಟು ವಯಸ್ಸಾದರೂ ಟ್ರ್ಯಾಕ್ಟರಿನ ಸೀಟಿನ ಮೇಲೆ ಕೂತದ್ದು ಅದೇ ಮೊದಲು. ಅಲ್ಲಿಂದ ನನ್ನ ಹೊಲ ನನಗೇ ಬೇರೆಯಾಗಿ ಕಂಡಿತು. ಬೀಗರು ಕೋಲು ತೋರಿಸಿ, ಹಿಂದೆ ಹೋಗಿ ಯಾರೂ ಇಲ್ಲವೆಂದು ನೋಡಿ, ದೂರ ಸರಿದು ನಿಂತರು.

"ಎಳೀರಿ. ಬೆರಳಲೆ ಸಾಕು."

ಹುಟ್ಟಿದಾಗಿನಿಂದ ನಾನು ಎತ್ತಿದ್ದೆಲ್ಲ ನಡುವಿನಿಂದ, ತಲೆಯಿಂದ, ಹೆಗಲಿನಿಂದ. ಕೊಡ, ಮೇವಿನ ಹೊರೆ, ಕಬ್ಬಿನ ಸೂಡು, ಕೂಸು. ಬೆರಳಿನಿಂದ ಎತ್ತಿದ್ದು ಏನೂ ಇಲ್ಲ. ಎಳೆದೆ. ಬೆನ್ನ ಹಿಂದೆ ಆ ಕಬ್ಬಿಣವೆಲ್ಲ ಸದ್ದಿಲ್ಲದೆ ಎದ್ದು ನಿಂತಿತು.

ಇಳಿಸಿದೆ. ಮತ್ತೊಮ್ಮೆ ಎತ್ತಿದೆ. ಇಳಿಸಿದೆ. ಎತ್ತಿದೆ.

ಬೀಗರು ನನಗೆ ಸಾಕಾಗುವ ತನಕ, ನೀರು ಹರಿಯುವುದನ್ನೇ ನೋಡುವವರ ಹಾಗೆ, ಆ ಕಡೆ ಮುಖ ಮಾಡಿ ನಿಂತಿದ್ದರು.